ಗೋಡೆ ನೋಡುವವನು ಬೇರೆ, ಬಣ್ಣ ಮಾರುವವನು ಬೇರೆ

ವಿಜಯಪುರ
ಜುಲೈ, ಗುರುವಾರ ಮಧ್ಯಾಹ್ನ

ಚಿ. ಸೌ. ಪುಟ್ಟಿಗೆ,

ಚಿಗವ್ವನ ಆಶೀರ್ವಾದಗಳು. ಬೂಷ್ಟು ಹಿಡಿದ ಗೋಡೆ ನೋಡಲು ಯಾರನ್ನು ಕರೆಯಲಿ ಅಂತ ಕೇಳಿದ್ದೀ. ನೀನು ಕಳಿಸಿದ ಒಂಬತ್ತು ಫೋಟೊಗಳನ್ನೂ ನೋಡಿದೆ. ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪು ಚುಕ್ಕೆ, ಕಪಾಟಿನ ಹಿಂದೆ ಹಸಿರು, ಮದುವೆಯ ಇಳಕಲ್ ಸೀರೆಯ ಸೆರಗಿಗೂ ಬಿಳಿ ಬೂಷ್ಟು. ಗೋಡೆಗಿಂತ ಸೀರೆ ನೋಡಿ ಜಾಸ್ತಿ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ವಿಜಯಪುರದಲ್ಲಿ ಬೂಷ್ಟು ಅಂದರೆ ಉಪ್ಪಿನಕಾಯಿ ಭರಣಿಯ ಮಾತು. ಬೆಳಗಾವಿಯ ಮಳೆ ಇಲ್ಲಿನ ಮಳೆಗಿಂತ ಸುಮಾರು ಎರಡು ಪಟ್ಟು. ಅದೂ ಒಮ್ಮೆ ಸುರಿದು ಹೋಗುವ ಮಳೆಯಲ್ಲ. ಜೂನ್ ಕೊನೆಗೆ ಹಿಡಿದರೆ ಆಗಸ್ಟ್‌ವರೆಗೆ ಜಿಟಿಜಿಟಿ. ಅಲ್ಲಿನ ಟಿಳಕವಾಡಿಯಲ್ಲಿ 26 ಮಳೆಗಾಲ ಕಳೆದವಳು ನಾನು. ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಷ್ಟ ನನಗೆ ಗೊತ್ತು.

ಮೊದಲು ಕೂಸಿನ ವಿಷಯ. ರಾತ್ರಿ ಕೆಮ್ಮುತ್ತದೆ ಅಂದೆ. ಇಂಜಿನಿಯರ್ ಬರುವವರೆಗೆ ಕಾಯಬೇಡ, ನಾಳೆಯೇ ಡಾಕ್ಟರ್ ಹತ್ತಿರ ಹೋಗು. ಮನೆಯಲ್ಲಿ ಬೂಷ್ಟು ಇದೆ ಅಂತ ಬಾಯಿಬಿಟ್ಟು ಹೇಳು, ಅವರಾಗಿ ಕೇಳಲಿಕ್ಕಿಲ್ಲ. ಕೂಸನ್ನು ಇವತ್ತೇ ಬೇರೆ ಕೋಣೆಯಲ್ಲಿ ಮಲಗಿಸು. ಆ ಗೋಡೆಯನ್ನು ಒಣ ಪೊರಕೆಯಿಂದ ಗುಡಿಸಬೇಡ. ಬೂಷ್ಟಿನ ಪುಡಿ ಗಾಳಿಗೆ ಹಾರಿ ಎಲ್ಲರ ಮೂಗಿಗೂ ಹೋಗುತ್ತದೆ.

ಇನ್ನು ನೀನು ಕೇಳಿದ ಪ್ರಶ್ನೆ. ಲಂಡನ್ನಿನ ನಿನ್ನ ಗೆಳತಿ 'ಸರ್ವೇಯರ್ ಕರೆಸು' ಅಂದಳಂತೆ. ಅವಳ ಊರಿಗೆ ಅದು ಸರಿಯಾದ ಮಾತು. ಅಲ್ಲಿ ಆರ್‌ಐಸಿಎಸ್ ಅಂತ 1868ರಿಂದ ಇರುವ ಸರ್ವೇಯರುಗಳ ಸಂಸ್ಥೆ ಇದೆ. ಮನೆ ಕೊಳ್ಳುವ ಮೊದಲು ಅದರ ಸದಸ್ಯನೊಬ್ಬನಿಗೆ ಫೀ ಕೊಟ್ಟು, ಸೂರಿನಿಂದ ಪಾಯದವರೆಗೆ ನೋಡಿಸಿ ವರದಿ ತೆಗೆದುಕೊಳ್ಳುವ ರೂಢಿ ಇದೆ. ತೇವದ ವಿಷಯದಲ್ಲೇ ಪರೀಕ್ಷೆ ಪಾಸಾದವರೂ ಅಲ್ಲಿ ಸಿಗುತ್ತಾರೆ. ಬೆಳಗಾವಿಯ ಹಿಂದವಾಡಿಯಲ್ಲಿ ಕುಳಿತು ನೀನು ಸರ್ವೇಯರ್ ಬೇಕು ಅಂದರೆ ಹೊಲ ಅಳೆಯುವವರು ಬರುತ್ತಾರೆ! ಜಮೀನಿನ ಅಳತೆಯ 11ಇ ನಕ್ಷೆ ಬೇಕಾ ಅಂತ ಕೇಳುತ್ತಾರೆ. ವಿಮೆಯ ಸರ್ವೇಯರ್ ಇನ್ನೊಬ್ಬ. ಅವನಿಗೆ ವಿಮಾ ನಿಯಂತ್ರಣ ಸಂಸ್ಥೆಯಾದ ಐಆರ್‌ಡಿಎಐ ಲೈಸೆನ್ಸ್ ಇರುತ್ತದೆ, ಆದರೆ ಅವನ ಕೆಲಸ ನಷ್ಟ ಎಷ್ಟು ಅಂತ ಲೆಕ್ಕ ಹಾಕುವುದು.

'ಸಾಲ ಕೊಡುವಾಗ ಬ್ಯಾಂಕಿನವರೇ ಇಂಜಿನಿಯರ್ ಕಳಿಸಿದ್ದರಲ್ಲ ಚಿಗವ್ವ' ಅಂದೆ. ಅವನು ವ್ಯಾಲ್ಯುಯರ್, ಮನೆಗೆ ಬೆಲೆ ಕಟ್ಟುವವನು. 11 ವರ್ಷ ಬ್ಯಾಂಕಿನ ಗೃಹಸಾಲದ ಟೇಬಲ್ಲಿನಲ್ಲಿ ಕುಳಿತು ಅಂಥ ವರದಿಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಅವನು ನೋಡಿದ್ದು ಸಾಲ ಮುಳುಗುತ್ತದೋ ಇಲ್ಲವೋ ಅಂತ, ಗೋಡೆ ಜಿನುಗುತ್ತದೋ ಅಂತಲ್ಲ.

ಹಾಗಾದರೆ ಯಾರನ್ನು ಕರೆಯುವುದು? ಬೂಷ್ಟು ನೋಡುವವನಿಗೆ ಅಂತ ನಮ್ಮಲ್ಲಿ ಸರ್ಕಾರಿ ಲೈಸೆನ್ಸ್ ಇಲ್ಲ. ಯಾರಾದರೂ 'ಗೌರ್ಮೆಂಟ್ ಸರ್ಟಿಫೈಡ್ ಬೂಷ್ಟು ತಜ್ಞ' ಅಂದರೆ ಚಹಾ ಕುಡಿಸಿ ಕಳಿಸು. ನಿನಗೆ ಬೇಕಾದವನು ಸಿವಿಲ್ ಇಂಜಿನಿಯರ್. ಹಳೆ ಕಟ್ಟಡಗಳ ರಿಪೇರಿಯಲ್ಲಿ ಕೈ ಪಳಗಿದವನು. ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಅಂತ 1920ರಿಂದ ಇದೆ, ಅದು ಚಾರ್ಟರ್ಡ್ ಇಂಜಿನಿಯರ್ ಅಂತ ಪ್ರಮಾಣಪತ್ರ ಕೊಡುತ್ತದೆ. ಅದು ಇದ್ದರೆ ಒಳ್ಳೆಯದೇ, ಆದರೆ ಅಷ್ಟೇ ಸಾಲದು. ಹೊಸ ಅಪಾರ್ಟ್‌ಮೆಂಟ್ ಕಟ್ಟಿಸುವವನಿಗೆ ಹಳೆ ಗೋಡೆ ಅರ್ಥವಾಗಬೇಕು ಅಂತೇನಿಲ್ಲ. ಉದ್ಯಮಬಾಗದ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ವಿಚಾರಿಸು. ಪಾಠ ಮಾಡುವವರಿಗೆ ಮಾರುವ ಸಾಮಾನು ಇರುವುದಿಲ್ಲ. ನನಗೆ ಬೇಕಾಗಿರುವುದು ಅದೇ.

ಯಾಕೆ ಅಂತ ಹೇಳುತ್ತೇನೆ. ನಿನಗೆ ಈ ಕಥೆ ಪೂರ್ತಿ ಗೊತ್ತಿಲ್ಲ, ನಿನ್ನ ಕಾಕಾ ಹೇಳಗೊಡುತ್ತಿರಲಿಲ್ಲ.

ನಮ್ಮ ಟಿಳಕವಾಡಿ ಮನೆಯ ದೇವರ ಕೋಣೆ ನೆನಪಿದೆಯಲ್ಲ. ಅದರ ಹೊರಗೋಡೆಗೆ ತೇವ ಬಂತು. ನೆಲದಿಂದ ಮೊಣಕಾಲಿನಷ್ಟು ಎತ್ತರಕ್ಕೆ ಬಣ್ಣ ಉಬ್ಬಿ, ಬಿಳಿ ಉಪ್ಪು ಉದುರುತ್ತಿತ್ತು. ಪೇಪರಿನೊಳಗೆ ಇಟ್ಟಿದ್ದ ಚೀಟಿ ನೋಡಿ ಒಂದು ವಾಟರ್‌ಪ್ರೂಫಿಂಗ್ ಕಂಪನಿಗೆ ಫೋನ್ ಮಾಡಿದೆವು. ಫ್ರೀ ಇನ್‌ಸ್ಪೆಕ್ಷನ್. ಟೈ ಕಟ್ಟಿದ ಹುಡುಗ ಬಂದ, ಗೋಡೆಗೆ ತೇವ ಅಳೆಯುವ ಎರಡು ಸೂಜಿಯ ಮೀಟರ್ ಚುಚ್ಚಿದ, ಅದು ಕೀಂಯ್ ಅಂದಿತು, ಕೆಂಪು ದೀಪ ಹತ್ತಿತು. ನಮಗೋ ಇಸಿಜಿ ನೋಡಿದಷ್ಟು ಭಯ. 20 ನಿಮಿಷದಲ್ಲಿ ಎಸ್ಟಿಮೇಟ್ ಕೈಗೆ ಬಂತು. ಗೋಡೆಗೆ ಸಾಲಾಗಿ ತೂತು ಕೊರೆದು ಕೆಮಿಕಲ್ ತುಂಬಿದರು, ಮೇಲೆ ಗಿಲಾವು, ಮೇಲೆ ದುಬಾರಿ ಬಣ್ಣ. 68 ಸಾವಿರ. ಮುಂದಿನ ಮಳೆಗಾಲಕ್ಕೆ ಉಪ್ಪು ಮತ್ತೆ ಬಂತು, ಈ ಸಲ ಸೊಂಟದೆತ್ತರಕ್ಕೆ. ಗ್ಯಾರಂಟಿ ಕಾರ್ಡ್ ಹಿಡಿದು ಫೋನ್ ಮಾಡಿದರೆ 'ನೀವು ಗೋಡೆ ಸರಿಯಾಗಿ ಒಣಗಿಸಲಿಲ್ಲ' ಅಂದರು.

ಆಮೇಲೆ ನನ್ನ ಬ್ಯಾಂಕಿನ ಗೆಳತಿ ಒಬ್ಬ ನಿವೃತ್ತ ಇಂಜಿನಿಯರನ್ನು ಕಳಿಸಿದಳು. ಅವರು ಒಳಗೇ ಬರಲಿಲ್ಲ. ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಹಾಕಿದರು, ಇನ್ನೊಂದು ಸುತ್ತು ಹಾಕಿದರು. ದೇವರ ಕೋಣೆಯ ಹೊರಗೆ ನಿಂತು 'ಈ ಗುಲಾಬಿ ಯಾರು ಹಾಕಿದ್ದು?' ಅಂದರು. ನಿನ್ನ ಕಾಕಾ ಎದೆಯುಬ್ಬಿಸಿ 'ನಾನೇ' ಅಂದರು. ಗೋಡೆಗೆ ಆನಿಸಿ ಇಟ್ಟಂಗಿ ಕಟ್ಟಿ, ಕೆಂಪುಮಣ್ಣು ತುಂಬಿ, ದಿನಾ ನೀರು ಹಾಕುತ್ತಿದ್ದರಲ್ಲ, ಅದೇ! ಮಣ್ಣು ಪಾಯದ ಪಟ್ಟಿಗಿಂತ ಒಂದು ಅಡಿ ಮೇಲಿತ್ತು. ನೆಲದ ನೀರು ಮೇಲೇರದಂತೆ ಕಟ್ಟುವಾಗಲೇ ಹಾಕಿರುವ ಡಿಪಿಸಿ ಪದರವನ್ನು ದಾಟಿ, ಒದ್ದೆ ಮಣ್ಣು ನೇರವಾಗಿ ಗೋಡೆಗೆ ನೀರು ಕುಡಿಸುತ್ತಿತ್ತು. ಒಬ್ಬ ಆಳು, ಒಂದು ದಿನ, ಮಣ್ಣು ತೆಗೆಸಿದೆವು. ನಿನ್ನ ಕಾಕಾ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ತೂತು ಕೊರೆಸಿದ್ದು ನಾನು ಅನ್ನುವಂತೆ.

ಅದಕ್ಕೇ ಹೇಳುವುದು. ನೋಡುವವನು ನೋಡುವುದಕ್ಕಷ್ಟೇ ದುಡ್ಡು ತೆಗೆದುಕೊಳ್ಳಬೇಕು. 'ಸುಮ್ನೆ ನೋಡಿ ಹೋಗೋದಕ್ಕೆ ಯಾಕೆ ದುಡ್ಡು' ಅಂತ ನಮ್ಮವರಿಗೆ ಅನಿಸುತ್ತದೆ. ಫ್ರೀಯಾಗಿ ನೋಡುವವನ ಸಂಬಳ ಆ ಕೆಮಿಕಲ್ ಡಬ್ಬಿಯಲ್ಲೇ ಇರುತ್ತದೆ, ಡಬ್ಬಿ ಬೇಡ ಅಂತ ಅವನು ಹೇಗೆ ಹೇಳುತ್ತಾನೆ? ಫೋನಿನಲ್ಲೇ ಕೇಳಿಬಿಡು: ನೀವು ರಿಪೇರಿ ಕೆಲಸವನ್ನೂ ಮಾಡುತ್ತೀರಾ, ಯಾವುದಾದರೂ ಕಂಪನಿಯ ಮಾಲು ಮಾರುತ್ತೀರಾ, ಕಂಟ್ರಾಕ್ಟರ್‌ನಿಂದ ಕಮಿಷನ್ ಬರುತ್ತದಾ. ಕೊನೆಯದನ್ನು ಕೇಳಲು ನಿನಗೆ ಸಂಕೋಚವಾಗಬಹುದು. ನನ್ನ ಹೆಸರು ಹೇಳಿ ಕೇಳು. ಹಿಂದೆ ಬೇರೆ ಮನೆಗೆ ಬರೆದುಕೊಟ್ಟ ವರದಿ ಒಂದನ್ನು, ಮಾಲೀಕರ ಹೆಸರು ಮುಚ್ಚಿ, ತೋರಿಸಲು ಹೇಳು. ಅದನ್ನು ನನಗೆ ಕಳಿಸು, ಓದುವ ಕೆಲಸ ನನ್ನದು. ಒಮ್ಮೆ ಒಂದೇ ಅಂತಸ್ತಿನ ಮನೆಯ ವರದಿಯಲ್ಲಿ 'ಎರಡನೇ ಮಹಡಿಯ ಸ್ಲ್ಯಾಬ್ ಸುಸ್ಥಿತಿಯಲ್ಲಿದೆ' ಅಂತ ಬರೆದವರನ್ನು ನೋಡಿದವಳು ನಾನು.

ಮೀಟರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಸೂಜಿ ಮೀಟರ್ ಅಳೆಯುವುದು ಎರಡು ಸೂಜಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ. ಅದನ್ನು ಮಾಡಿದ್ದು ಕಟ್ಟಿಗೆಯ ಲೆಕ್ಕಕ್ಕೆ. ಗೋಡೆಯಲ್ಲಿ ಉಪ್ಪಿದ್ದರೆ ನೀರು ಕಡಿಮೆ ಇದ್ದರೂ ಜಾಸ್ತಿ ತೋರಿಸುತ್ತದೆ. ತಿಳಿದವನು ಈ ಮಾತನ್ನು ತಾನೇ ಹೇಳುತ್ತಾನೆ. ಗೋಡೆಯ ತುಂಬ ಹತ್ತಾರು ಕಡೆ ಅಳೆದು, ಎಲ್ಲಿ ಏರುತ್ತದೆ ಎಲ್ಲಿ ಇಳಿಯುತ್ತದೆ ಅಂತ ಗುರುತು ಹಾಕುತ್ತಾನೆ. ಥರ್ಮಲ್ ಕ್ಯಾಮೆರಾದ್ದೂ ಅದೇ ಹಣೆಬರಹ. ಅದಕ್ಕೆ ಕಾಣುವುದು ಬಿಸಿ-ತಂಪು, ನೀರಲ್ಲ.

ಬಂದವನು ಏನು ನೋಡುತ್ತಾನೆ ಅನ್ನುವುದಕ್ಕಿಂತ ಏನು ಕೇಳುತ್ತಾನೆ ಅನ್ನುವುದನ್ನು ಗಮನಿಸು. ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಬಚ್ಚಲಿನ ಉಗಿ ಎಲ್ಲಿಗೆ ಹೋಗುತ್ತದೆ? ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಇದೆಯಾ? ಇವನ್ನೆಲ್ಲ ಅವನು ಕೇಳಲೇಬೇಕು. ಒಂದು ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದಲ್ಲ, ಅದು ಉರಿದು ಮುಗಿಯುವಷ್ಟರಲ್ಲಿ 20 ಲೀಟರಿಗೂ ಜಾಸ್ತಿ ನೀರು ಆವಿಯಾಗಿ ಮನೆಯೊಳಗೆ ಸೇರುತ್ತದೆ. ಬೇಳೆ ಬೇಯಿಸಿದ ಉಗಿ ಬೇರೆ. ಕಿಟಕಿಗಳೋ ಮಳೆಗೆ ಮುಚ್ಚಿರುತ್ತವೆ. ಆ ನೀರು ಮನೆಯ ತಂಪಾದ ಗೋಡೆ ಹುಡುಕಿಕೊಂಡು ಹೋಗುತ್ತದೆ. ಗಾಳಿಯಾಡದ ಕಪಾಟಿನ ಹಿಂಬದಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಇದೊಂದು ಕಾರಣ. ಸೋರುವ ಟೆರೇಸ್ ಇನ್ನೊಂದು, ಗೋಡೆಯೊಳಗಿನ ಪೈಪು ಮತ್ತೊಂದು, ನಮ್ಮ ಗುಲಾಬಿಯ ಹಾಗೆ ನೆಲದಿಂದ ಏರುವುದು ಮಗದೊಂದು. ನಾಲ್ಕಕ್ಕೂ ಔಷಧಿ ಬೇರೆ ಬೇರೆ. ನಿನ್ನ ಫೋಟೊ ನೋಡಿದರೆ ಮೊದಲನೆಯದು ಅಂತ ನನಗೆ ಅನಿಸುತ್ತದೆ. ಆದರೆ ಫೋಟೊ ನೋಡಿ ಕಾರಣ ಹೇಳುವವರನ್ನು ನಂಬಬೇಡ, ನನ್ನನ್ನೂ ಸೇರಿಸಿ.

ಅವನು ಬರುವ ಮೊದಲು ನೀನೇ ಒಂದು ಕೆಲಸ ಮಾಡಬಹುದು. ರೊಟ್ಟಿ ಸುತ್ತುವ ಫಾಯಿಲ್‌ನ ಒಂದು ಚೌಕವನ್ನು ಗೋಡೆಗೆ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಅಂಟಿಸು. ಎರಡು ದಿನ ಬಿಟ್ಟು ನೋಡು. ಕೋಣೆಯ ಕಡೆ ಹನಿ ಕಂಡರೆ ತೇವ ಗಾಳಿಯದು, ಗೋಡೆಯ ಕಡೆ ಒದ್ದೆಯಿದ್ದರೆ ಗೋಡೆಯೊಳಗಿನದು. ಟೇಪ್ ಹಿಡಿಯದಿದ್ದರೆ ಅದನ್ನೂ ಬರೆದಿಟ್ಟುಕೊಂಡು ಅವನಿಗೆ ಹೇಳು.

ಮಳೆ ನಿಂತ ಮೇಲೆ ಕರೆಸಿದರಾಯಿತು ಅಂತ ಅಳಿಯಂದಿರು ಹೇಳುತ್ತಾರೆ, ನೋಡುತ್ತಿರು. ಬೇಡ. ಕಳ್ಳ ಮನೆಯೊಳಗೆ ಇದ್ದಾಗಲೇ ಪೊಲೀಸರನ್ನು ಕರೆಯಬೇಕು. ಜೋರು ಮಳೆಯ ಮಾರನೇ ದಿನ ಬರಲು ಹೇಳು. ಟೆರೇಸ್ ಹತ್ತದೆ, ನೀರಿಳಿಯುವ ಪೈಪಿನ ಬುಡಕ್ಕೆ ಬಗ್ಗಿ ನೋಡದೆ ಹೋದರೆ ಅರ್ಧ ಫೀ ಕೊಡು! ಸುಮ್ನೆ ಅಂದೆ, ಪೂರ್ತಿಯೇ ಕೊಡು, ಆದರೆ ಇನ್ನೊಮ್ಮೆ ಕರೆಯಬೇಡ. ಅವನು ಬರುವವರೆಗೆ ಬಣ್ಣ ಬಳಿಸಬೇಡ, ಗುರುತೆಲ್ಲ ಮುಚ್ಚಿಹೋಗುತ್ತದೆ.

ಲ್ಯಾಬ್ ಟೆಸ್ಟ್ ಅಂತ ಯಾರಾದರೂ ಶುರುಮಾಡಿದರೆ ಅವಸರ ಬೇಡ. ಕಣ್ಣಿಗೆ ಕಾಣುವ ಬೂಷ್ಟಿನ ಜಾತಿ ತಿಳಿದುಕೊಂಡು ನೀನೇನು ಮಾಡುತ್ತೀ? ಕಪ್ಪಗಿದ್ದ ಮಾತ್ರಕ್ಕೆ ಅದು ವಿಷದ್ದು ಅಂತಲ್ಲ. ಮನೆಯ ಗಾಳಿಯಲ್ಲಿ ಬೂಷ್ಟು ಇಷ್ಟಿದ್ದರೆ ಸುರಕ್ಷಿತ ಅನ್ನುವ ಅಂಕಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ 2009ರ ಮಾರ್ಗಸೂಚಿಯಲ್ಲಿ ಕೊಡಲಿಲ್ಲ. ತೇವ ನಿಲ್ಲಿಸಿ, ಬೂಷ್ಟು ತೆಗೆಯಿರಿ ಅಂತಲೇ ಹೇಳಿತು.

ವರದಿಯಲ್ಲಿ ಕಾರಣ ಏನು, ಅದಕ್ಕೆ ಗುರುತು ಏನು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಇರಬೇಕು. ಕಂಪನಿಯ ಹೆಸರು ಇರಬಾರದು. ಅದನ್ನು ಹಿಡಿದುಕೊಂಡು ಗೌಂಡಿಯನ್ನೋ ಪ್ಲಂಬರನ್ನೋ ನೀನೇ ಹುಡುಕು. ಒದ್ದೆಯಾದ ಗೋಡೆ ಒಣಗಲು ಇಂಚಿಗೆ ಒಂದು ತಿಂಗಳು ಅಂತ ಒಂದು ಲೆಕ್ಕವಿದೆ. 9 ಇಂಚಿನ ಗೋಡೆಗೆ ಎಷ್ಟಾಯಿತು ನೀನೇ ನೋಡು. ದೀಪಾವಳಿಗೆ ಹೊಸ ಬಣ್ಣ ಬೇಕೇ ಬೇಕು ಅಂತ ಹಟ ಮಾಡಬೇಡ.

ಸೀರೆಯನ್ನು ಮನೆಯಲ್ಲಿ ತೊಳೆಯಬೇಡ, ಬಿಸಿಲು ಬಿದ್ದ ದಿನ ನೆರಳಲ್ಲಿ ಹರವು. ಶ್ರಾವಣ ಮುಗಿದ ಮೇಲೆ ಬರುತ್ತೇನೆ, ಆಗ ಇಬ್ಬರೂ ಕೂಡಿ ನೋಡೋಣ. ಅಷ್ಟರಲ್ಲಿ ಇಲ್ಲಿಂದ ಬರುವವರ ಕೈಯಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಸಜ್ಜೆ ರೊಟ್ಟಿ ಕಳಿಸುತ್ತೇನೆ. ಅದನ್ನು ಮಾತ್ರ ಆ ಕಪಾಟಿನಲ್ಲಿ ಇಡಬೇಡ.

ಇತಿ,
ನಿನ್ನ ಚಿಗವ್ವ