ಅಕ್ಕನ ಪುಸ್ತಕಕ್ಕೆ ‘ಗೃಹಿಣಿ’ ಅಂತ ಹಾಕಲಾ?

ಪೆರ್ಲ, ಕಾಸರಗೋಡು

ಗೆಳೆಯಾ,

ಅಕ್ಕನ ಕವನ ಸಂಕಲನದ ಹಿಂಪುಟದಲ್ಲಿ ‘ಗೃಹಿಣಿ’ ಅಂತ ಹಾಕಲಾ ಬೇಡವಾ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಈ ಪತ್ರ.

ಆ ಪದಕ್ಕೆ ಹಿಂದೆ ಭಾರಿ ಗತ್ತಿತ್ತು ಮಾರಾಯ. ಗೃಹಿಣಿಯೇ ಮನೆ, ಅವಳಿಲ್ಲದ್ದು ಮನೆಯೇ ಅಲ್ಲ ಅಂತ ಸಂಸ್ಕೃತದ ಹಳೇ ಮಾತಿದೆ. ಈಗ ‘ಗೃಹಸ್ಥ’ ನೋಡು. ಅವನಿಗೂ ಅದೇ ಗೃಹ. ‘ದೊಡ್ಡ ಗೃಹಸ್ಥರು’ ಅಂದರೆ ಇವತ್ತಿಗೂ ಮರ್ಯಾದಸ್ಥರು ಅಂತ ಅರ್ಥ. ಗೃಹಿಣಿ ಅಂದರೆ? ಕೆಲಸಕ್ಕೆ ಹೋಗದವಳು, ಅಷ್ಟೇ.

ಇಂಗ್ಲಿಷಿನಲ್ಲಿ ಇನ್ನೂ ಕೆಟ್ಟ ಕತೆ. ‘ಹಸ್ಬೆಂಡ್’, ‘ಹೌಸ್‌ವೈಫ್’ ಎರಡರ ತಲೆಯಲ್ಲೂ ಇರುವುದು ಮನೆಯೇ. ಆದರೆ ಹೌಸ್‌ವೈಫ್ ನಾಲಿಗೆಯಲ್ಲಿ ಸವೆದು ‘ಹಸ್ಸಿ’ ಆಯಿತು. ಮೊದಲು ಅದಕ್ಕೂ ಮನೆಯೊಡತಿ ಅಂತಲೇ ಅರ್ಥ. ಆಮೇಲೆ ನಡತೆಗೆಟ್ಟವಳು ಅಂತ ಬೈಗುಳ! ಹಸ್ಬೆಂಡಿಗೆ ಮಾತ್ರ ಏನೂ ಆಗಲಿಲ್ಲ.

1956ರಲ್ಲಿ ಕೇರಳಕ್ಕೆ ಸೇರಿದ ನಮಗೆ ಮಲಯಾಳದ ‘ವೀಟ್ಟಮ್ಮ’ಳೂ ಇದ್ದಾಳೆ. ಮನೆಯ ಅಮ್ಮ. ಕೇಳಲು ಚಂದವೇ. ಆದರೆ ಪೇಪರಿನಲ್ಲಿ ಅವಳು ಜಾಸ್ತಿ ಕಾಣಿಸುವುದು ಬೈಕ್ ಡಿಕ್ಕಿ ಹೊಡೆದಾಗ, ಹಾವು ಕಚ್ಚಿದಾಗ. ಗಂಡಸು ಸತ್ತರೆ ‘ಗೃಹನಾಥನ್’. ಸಾಯುವಾಗಲೂ ಅವನು ನಾಥನೇ.

ನಮ್ಮ ಪಕ್ಕದ ಮನೆಯವರು ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಜಗಲಿಯಲ್ಲಿ ಕೂತರೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಕೈಯಲ್ಲಿ ಕತ್ತರಿ. ನನ್ನ ಹತ್ತಿರ ಮಾತಾಡುತ್ತಲೇ ಬೀಡಿ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ಹಾಕಿ ಸುರುಳಿ ಸುತ್ತಿ, ನೂಲು ಕಟ್ಟಿ ಬಿಸಾಡುತ್ತಾರೆ. ಕಣ್ಣು ಕೆಳಗೆ ಹೋಗುವುದೇ ಇಲ್ಲ. ಬೀಡಿಯ ಪಿಎಫ್ ಕೂಡ ಇದೆ. ಆದರೂ ಮಗಳ ಶಾಲೆಯ ಫಾರ್ಮಿನಲ್ಲಿ, ತಾಯಿಯ ಉದ್ಯೋಗದ ಎದುರು, ಗೃಹಿಣಿ. ಬರೆದವರು ಅವರೇ.

2001ರ ಜನಗಣತಿ ಮನೆವಾರ್ತೆ ನೋಡಿಕೊಳ್ಳುವ ಹೆಂಗಸರನ್ನು ಕೆಲಸ ಮಾಡದವರು ಅಂತ ಭಿಕ್ಷುಕರು, ಕೈದಿಗಳ ಸಾಲಿಗೆ ಸೇರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಟೀಕಿಸಿತು. ಹೆಂಗಸರ ಬಗ್ಗೆ ಯಾವ ಪದ ಬಳಸಬೇಕು ಅಂತ 2023ರಲ್ಲಿ ಅದೇ ಕೋರ್ಟ್ ತಂದ ಕೈಪಿಡಿ ‘ಹೌಸ್‌ವೈಫ್’ ಬಿಟ್ಟು ‘ಹೋಮ್‌ಮೇಕರ್’ ಅನ್ನಿ ಅಂತು. ಒಳ್ಳೆಯದೇ. ನನಗೇನೋ ಅದು ಸೋಪಿನ ಜಾಹೀರಾತಿನ ಮಾತಿನ ಹಾಗೆ ಕೇಳುತ್ತದೆ.

ನನ್ನನ್ನು ಕೇಳಿದರೆ ಎರಡೂ ಬೇಡ. ಪುಸ್ತಕಕ್ಕೆ ಉದ್ಯೋಗದ ಖಾನೆ ಯಾಕೆ? ಭಾವ ಊರಲ್ಲಿಲ್ಲದಾಗ ಅಡಿಕೆ ತೋಟಕ್ಕೆ ಮದ್ದು ಬಿಡಿಸಿದ್ದು, ಆಳುಗಳ ಸಂಬಳದ ಲೆಕ್ಕ ಬರೆದದ್ದು ಅಕ್ಕ ಅಲ್ವಾ? ಕವನಗಳಲ್ಲೂ ಅದೇ ತೋಟ ಇದೆ. ಅದನ್ನೇ ಎರಡು ಸಾಲು ಬರಿ. ಅಚ್ಚಿಗೆ ಕೊಡುವ ಮೊದಲು ಅಕ್ಕನಿಗೆ ಓದಿ ಹೇಳು. ‘ಗೃಹಿಣಿ ಅಂತಲೇ ಇರಲಿ’ ಅಂದರೆ ಹಾಗೇ ಹಾಕು, ವಾದ ಮಾಡಬೇಡ.

ಪುಸ್ತಕ ಬಂದ ಮೇಲೆ ನನಗೆರಡು ಪ್ರತಿ ಕಳಿಸು. ಒಂದಕ್ಕೆ ದುಡ್ಡು ಕೊಡುತ್ತೇನೆ.

ನಿನ್ನ ಗೆಳೆಯ