ಗೆಳೆಯನಿಗೊಂದು ಪತ್ರ: 'ಕ್ಲಾಸಿಕಲ್' ಅಂದಲ್ಲೆಲ್ಲ 'ಶಾಸ್ತ್ರೀಯ' ಅಲ್ಲ

ಪ್ರಿಯ ಗೆಳೆಯಾ,

ನಿನ್ನ ಅನುವಾದದ ಕರಡು ಓದಿದೆ. ಮೂಲದಲ್ಲಿ 'ಕ್ಲಾಸಿಕಲ್' ಇದ್ದ ಕಡೆಯೆಲ್ಲ 'ಶಾಸ್ತ್ರೀಯ' ಬಂದಿದೆ, 'ಎಲಿಗೆಂಟ್' ಇದ್ದ ಕಡೆಯೆಲ್ಲ 'ಸೊಗಸಾದ' ಬಂದಿದೆ. ಸಂಗೀತದ ಅಧ್ಯಾಯದಲ್ಲಿ ತೊಂದರೆಯಿಲ್ಲ. ಶಾಸ್ತ್ರೀಯ ಸಂಗೀತ ಅನ್ನುವುದು ಬೇರೂರಿದ ಮಾತು, ಅದನ್ನು ಮುಟ್ಟಬೇಡ. ಆದರೆ ಫ್ರೆಂಚ್ ನಾಟಕಕಾರ ರಸೀನ್‌ನನ್ನು 'ಶಾಸ್ತ್ರೀಯ ಕವಿ' ಅಂದರೆ ಓದುವವನಿಗೆ ಯಾರೋ ಪಂಡಿತ ನೆನಪಾಗುತ್ತಾನೆ. 'ಶಾಸ್ತ್ರೀಯ ಅಧ್ಯಯನ' ಅಂದರೆ ನಮ್ಮಲ್ಲಿ ಕ್ರಮಬದ್ಧವಾದ ಅಧ್ಯಯನ. 'ಶಾಸ್ತ್ರಕ್ಕೆ ಒಂದು ಲಾಡು ಬಡಿಸಿದರು' ಅಂದರೆ ಬರೀ ಕಾಟಾಚಾರ. ಒಂದೇ ಶಬ್ದದ ತಲೆಯ ಮೇಲೆ ಇಷ್ಟು ಹೊರೆ ಇರುವಾಗ ಇನ್ನೊಂದನ್ನು ಹೇರಬಾರದು.

ಬುಡದಿಂದ ನೋಡು. ರೋಮಿನಲ್ಲಿ ಪ್ರಜೆಗಳನ್ನು ಆಸ್ತಿಯ ಲೆಕ್ಕದಲ್ಲಿ ವರ್ಗ ಮಾಡುತ್ತಿದ್ದರು. ಮೊದಲ ವರ್ಗದವನು 'ಕ್ಲಾಸಿಕಸ್'. ಕ್ರಿ.ಶ. 2ನೇ ಶತಮಾನದ ರೋಮನ್ ಲೇಖಕ ಔಲಸ್ ಗೆಲ್ಲಿಯಸ್‌ನ ಬರಹದಲ್ಲಿ ಇದೇ ಮಾತು ಲೇಖಕರಿಗೂ ಅಂಟಿತು: ನಂಬಿ ಅನುಸರಿಸಬಹುದಾದ ಮೊದಲ ದರ್ಜೆಯ ಬರಹಗಾರ 'ಕ್ಲಾಸಿಕಸ್', ಉಳಿದವನು 'ಪ್ರೊಲಿಟೇರಿಯಸ್', ಅಂದರೆ ಆಸ್ತಿಯಿಲ್ಲದ ಕೆಳವರ್ಗದವನು. ಅಂದರೆ ಇದು ಹುಟ್ಟಿದ್ದು ಆಸ್ತಿಪಟ್ಟಿಯಲ್ಲಿ, ಕಲಾಶಾಲೆಯಲ್ಲಿ ಅಲ್ಲ. ನಮ್ಮ 'ಅಭಿಜಾತ'ವೂ ಅಷ್ಟೇನೂ ಮುಗ್ಧವಲ್ಲ. ಒಳ್ಳೆಯ ಕುಲದಲ್ಲಿ ಹುಟ್ಟಿದವನು ಎಂದೇ ಅದರ ಮೂಲಾರ್ಥ. ಅವರು ಆಸ್ತಿ ಎಣಿಸಿದರು, ಇವರು ಹುಟ್ಟು ಎಣಿಸಿದರು. ಹೀಗಿದ್ದೂ ಕೃತಿ, ಶೈಲಿ, ಪಂಥಗಳಿಗೆ ನಾನು 'ಅಭಿಜಾತ'ವನ್ನೇ ಆರಿಸುತ್ತೇನೆ. ವಿಮರ್ಶೆಯಲ್ಲಿ ಬಳಸಿ ಬಳಸಿ ಆ ಕುಲದ ವಾಸನೆ ಬಹುಮಟ್ಟಿಗೆ ಹೋಗಿದೆ. ಮನುಷ್ಯರಿಗೆ, ಮನೆತನಕ್ಕೆ ಮಾತ್ರ ಹಾಕಬೇಡ. ಹಾಕಿದ ಕ್ಷಣ ವಾಸನೆ ಮರಳುತ್ತದೆ.

ಈ ತೊಡಕು ನಿನ್ನೊಬ್ಬನದಲ್ಲ. ಕೇಂದ್ರ ಸರ್ಕಾರ ಕೊಡುವ 'ಕ್ಲಾಸಿಕಲ್ ಭಾಷೆ' ಎಂಬ ಒಂದೇ ಸ್ಥಾನಮಾನವನ್ನು ನೆರೆಹೊರೆಯವರು ಏನೇನು ಕರೆದರು ನೋಡು. 2004ರಲ್ಲಿ ಪಡೆದ ತಮಿಳರು 'ಸೆಮ್ಮೊಳಿ' ಅಂದರು. 2008ರಲ್ಲಿ ನಮಗೂ ತೆಲುಗರಿಗೂ ಒಟ್ಟಿಗೇ ಸಿಕ್ಕಿತು. ನಾವು 'ಶಾಸ್ತ್ರೀಯ' ಅಂದೆವು, ಅವರು 'ಪ್ರಾಚೀನ' ಅಂದರು. 2013ರಲ್ಲಿ ಮಲಯಾಳಿಗಳು 'ಶ್ರೇಷ್ಠ', 2024ರಲ್ಲಿ ಮರಾಠಿಗರು 'ಅಭಿಜಾತ', ಬಂಗಾಳಿಗಳು 'ಧ್ರುಪದೀ'. ಅಲ್ಲಿ ಮುಖ್ಯವಾಗಿ ಅಳೆಯುವುದು ಭಾಷೆಯ, ಬರಹದ ಹಳಮೆಯನ್ನು, ಹಾಗಾಗಿ ತೆಲುಗರ ಆಯ್ಕೆಯೇ ನೇರ ಅಂತ ನನಗನಿಸುತ್ತದೆ.

ಕೆಲಸಕ್ಕೆ ಬರುವ ಉಪಾಯ ಒಂದಿದೆ: ಆ ವಾಕ್ಯದಲ್ಲಿ 'ಕ್ಲಾಸಿಕಲ್'ಗೆ ಎದುರು ನಿಂತಿರುವುದು ಯಾವುದು ಅಂತ ಕೇಳಿಕೋ. ಎದುರಿರುವುದು ಸುಗಮ ಸಂಗೀತವಾದರೆ 'ಶಾಸ್ತ್ರೀಯ'. ಜನಪದವಾದರೆ 'ಶಿಷ್ಟ'. ರೊಮ್ಯಾಂಟಿಕ್ ಕಾವ್ಯಪಂಥವಾದರೆ 'ಅಭಿಜಾತ'. ವೈದ್ಯರು 'ಕ್ಲಾಸಿಕ್ ಲಕ್ಷಣ' ಅಂದಾಗ ಎದುರಿರುವುದು ಅಪರೂಪದ ಲಕ್ಷಣ, ಅಲ್ಲಿ 'ಮಾದರಿ ಲಕ್ಷಣ' ಸಾಕು. ಗ್ರೀಕ್ ಶಿಲ್ಪದಲ್ಲಿ ಅದು ಕಾಲದ ಹೆಸರು, ಸುಮಾರು ಕ್ರಿ.ಪೂ. 480ರಿಂದ 323ರವರೆಗೆ, ಅದನ್ನು 'ಕ್ಲಾಸಿಕಲ್ ಯುಗ' ಎಂದೇ ಬಿಡು, ಇಸವಿ ಜೊತೆಗಿರಲಿ. ಎಲ್ಲೆಂದರಲ್ಲಿ 'ಮಾರ್ಗ' (ಸಂಸ್ಕೃತ ಕಾವ್ಯಸಂಪ್ರದಾಯದ ದಾರಿ) ತರುವ ಆಸೆಯೂ ಬೇಡ. ಪಂಪ 941ರಲ್ಲಿ ಕಾವ್ಯ ದೇಸಿಯೊಳಗೆ (ನಮ್ಮ ನೆಲದ ನುಡಿಯ ದಾರಿಯೊಳಗೆ) ಹೊಕ್ಕು ಮಾರ್ಗದಲ್ಲೂ ಕೂಡಿಕೊಳ್ಳಬೇಕು ಅಂದ. ಮಾರ್ಗದ ಜೋಡಿ ದೇಸಿಯೇ ಹೊರತು ರೊಮ್ಯಾಂಟಿಕ್ ಅಲ್ಲ.

'ಕ್ಲಾಸಿಸಿಸಂ'ಗೆ ನೀನು ಬರೆದ 'ಕ್ಲಾಸಿಕತ್ವ' ತೆಗೆದುಹಾಕು. ಹೊಂದದ ಎರಡನ್ನು ಬೆಸೆದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದಂತೆ ಅಂತ ಕವಿರಾಜಮಾರ್ಗ 9ನೇ ಶತಮಾನದಲ್ಲೇ ಎಚ್ಚರಿಸಿದೆ. ಚಳವಳಿಯಾದರೆ 'ಅಭಿಜಾತ ಪಂಥ', ಗುಣವಾದರೆ 'ಅಭಿಜಾತ ಗುಣ'. ಆ ಗುಣದ ತಿರುಳು ಹಳತಲ್ಲ, ಬಿಗಿಹಿಡಿತ. 1674ರಲ್ಲಿ ಕವಿ-ವಿಮರ್ಶಕ ಬ್ವಾಲೊ ಫ್ರೆಂಚ್ ಕಾವ್ಯಕ್ಕೆ ಹಾಕಿದ ಕಟ್ಟಿನಲ್ಲೂ, 1755ರಲ್ಲಿ ಜರ್ಮನ್ ಕಲಾ ಇತಿಹಾಸಕಾರ ವಿಂಕೆಲ್‌ಮನ್ ಗ್ರೀಕ್ ಶಿಲ್ಪದಲ್ಲಿ ಕಂಡ ಸರಳತೆ, ಶಾಂತ ಘನತೆಯಲ್ಲೂ ಇರುವುದು ಅದೇ. ಇನ್ನೊಂದು: ಒಂದು ಕಡೆ ಮೂಲದಲ್ಲಿರುವುದು 'ಕ್ಲಾಸಿಸಂ', ನಡುವೆ ಒಂದು 'ಸಿ' ಕಡಿಮೆ. ಅದು ವರ್ಗತಾರತಮ್ಯ. ನಿನ್ನ ಅನುವಾದದಲ್ಲಿ ಬಡವರನ್ನು ಕೀಳಾಗಿ ಕಾಣುವುದೂ ಕಾವ್ಯಪಂಥವಾಗಿಬಿಟ್ಟಿದೆ!

ಇನ್ನು 'ಎಲಿಗೆಂಟ್'. ಲ್ಯಾಟಿನ್ನಿನಲ್ಲಿ ಆರಿಸುವುದು ಎಂಬ ಧಾತುವಿನ ನೆಂಟ ಇದು. ಹಿಂದೆ ಅತಿಯಾಗಿ ಆರಿಸುವ ಷೋಕಿಯವನನ್ನು ಬಯ್ಯುವ ಮಾತೂ ಆಗಿತ್ತು. ನಮ್ಮ 'ಸೊಗಸು' ಊಟಕ್ಕೂ ನಡೆಯುತ್ತದೆ, ಮಾತಿಗೂ ನಡೆಯುತ್ತದೆ, ಆದ್ದರಿಂದಲೇ ಸಡಿಲ. 'ಸುಭಗ'ದಿಂದ ಬಂದ 'ಸೊಬಗು' ಹೆಚ್ಚಾಗಿ ಕಣ್ಣಿಗೆ ಸೇರಿದ್ದು. 'ಲಾಲಿತ್ಯ'ಕ್ಕೆ ಬಳುಕು ಬೇಕು: ಪದಕ್ಕೆ, ಅಭಿನಯಕ್ಕೆ ಸರಿ, ಕಲ್ಲಿನ ಕಟ್ಟಡಕ್ಕೆ ಒಗ್ಗದು. ನಿಲುವಿಗೆ, ನಡಿಗೆಗೆ 'ಠೀವಿ'. ಪಾರಸಿಯಿಂದ ಬಂದ 'ನಾಜೂಕು' ಮುಟ್ಟಿದರೆ ಮುರಿದೀತೆಂಬ ಭಯ ಹುಟ್ಟಿಸುತ್ತದೆ. 'ಬಿನ್ನಾಣ'ದ ಬಗ್ಗೆ ಹುಷಾರು. ಹುಟ್ಟಿದ್ದು 'ವಿಜ್ಞಾನ'ದಿಂದ, ಒಂದು ಕಾಲಕ್ಕೆ ಕುಶಲತೆ, ಈಗ 'ಬಿನ್ನಾಣಗಿತ್ತಿ' ಅಂದರೆ ಹೊಗಳಿಕೆಯಲ್ಲ. ಗಣಿತದ ಅಧ್ಯಾಯದಲ್ಲಿ ಅವಿಭಾಜ್ಯ ಸಂಖ್ಯೆಗಳು ಮುಗಿಯುವುದಿಲ್ಲ ಎಂಬ ಯೂಕ್ಲಿಡ್‌ನ ರುಜುವಾತನ್ನು 'ಸೊಗಸಾದ' ಅಂದಿದ್ದೀಯ, 'ಚೊಕ್ಕ' ಅನ್ನು. ಒಂದು ಮಾತೂ ಹೆಚ್ಚಿಲ್ಲ ಎಂಬುದು ಅದರಲ್ಲೇ ಬರುತ್ತದೆ. 'ಅಚ್ಚುಕಟ್ಟಾದ' ಕೂಡ ಆದೀತು, ಕೆರೆಯ ಅಚ್ಚುಕಟ್ಟು ನೆನಪಾದರೂ ನಷ್ಟವಿಲ್ಲ.

ಕೊನೆಯದು, ಬೆಂಗಳೂರಿನ ಅಠಾರಾ ಕಚೇರಿಯ (ಹೈಕೋರ್ಟ್ ಕಟ್ಟಡದ) ಚಿತ್ರದ ಕೆಳಗಿನ ಸಾಲು. 'ಲಾಲಿತ್ಯಪೂರ್ಣ ನವಶಾಸ್ತ್ರೀಯ ಮುಂಭಾಗ' ಹೊಡೆದುಹಾಕಿ 'ನವ ಅಭಿಜಾತ ಶೈಲಿಯ, ಅಳತೆಗೆಡದ ಮುಂಭಾಗ' ಅಂತ ಬರೆ. ಇಸವಿ 1868 ಸರಿಯಾಗಿದೆ. ತಿದ್ದಿದ ಮೇಲೆ ಗಣಿತದ ಅಧ್ಯಾಯವನ್ನು ಮೊದಲು ಕಳಿಸು.

ನಿನ್ನ,
ಗೆಳೆಯ