ಭಾರತದ ಮೀನೇ, ಆದರೂ ಕಾವೇರಿಗೆ ಹೊರಗಿನದು

ಮಾನ್ಯ ಸಂಪಾದಕರೆ,

ಬೇಸಿಗೆಯಲ್ಲಿ ಪುಣೆಯ ಬಂಡ್ ಗಾರ್ಡನ್ ಸೇತುವೆಯ ಮೇಲೆ ನಿಂತರೆ ಕೆಳಗೆ ಮುಳಾ-ಮುಠಾ ನದಿ ನೀರಾಗಿ ಕಾಣುವುದಿಲ್ಲ, ನಾಟಿ ಮಾಡಿದ ಗದ್ದೆಯಾಗಿ ಕಾಣುತ್ತದೆ. ದಡದಿಂದ ದಡಕ್ಕೆ ಹಸಿರು. ಅದು ನೀರ ಮೇಲೆ ತೇಲುತ್ತ ಹಬ್ಬುವ ಕಳೆ, ವಾಟರ್ ಹಯಸಿಂತ್. ಇಲ್ಲಿಯವರು ಅದಕ್ಕೆ ಜಲಪರ್ಣಿ ಎನ್ನುತ್ತಾರೆ. ನಮ್ಮ ಕಡೆ ಹಲವರು ಅಂತರಗಂಗೆ ಎಂದೇ ಕರೆಯುತ್ತಾರೆ, ನಿಜವಾದ ಅಂತರಗಂಗೆ ಬೇರೆ ಗಿಡವಾದರೂ. ಯಂತ್ರ ತಂದು ಎಳೆದು ದಡಕ್ಕೆ ಹಾಕುತ್ತಾರೆ. ಉಳಿದದ್ದನ್ನು ಮುಂಗಾರಿನ ನೆರೆ ಭೀಮಾ ನದಿಗೆ ತಳ್ಳುತ್ತದೆ. ಆ ಭೀಮೆಯೇ ಉಜನಿ ಜಲಾಶಯ ದಾಟಿ ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುವುದು. ಈ ಕಳೆಯ ಸುದ್ದಿ ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರುತ್ತದೆ, ಇದಕ್ಕಿರುವ ಕಾನೂನಿನ ಮಾತು ಬರುವುದು ಕಡಿಮೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ನನ್ನೂರು ಮಳವಳ್ಳಿ ತಾಲೂಕಿನಲ್ಲಿ, ಮುತ್ತತ್ತಿಯ ದಾರಿಯಲ್ಲಿ. 1988ರಲ್ಲಿ, ಪುಣೆಗೆ ಕೆಲಸಕ್ಕೆ ಬಂದ ಮರುವರ್ಷ, ಹೊಳೆಯಂಚಿನಲ್ಲಿ ಈ ಗಿಡದ ಹೂವನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ತಿಳಿ ನೇರಳೆ ಬಣ್ಣ, ಮೇಲಿನ ಎಸಳಿನ ನಡುವೆ ನವಿಲುಗರಿಯ ಕಣ್ಣಿನಂಥ ಹಳದಿ ಬೊಟ್ಟು. ಅವ್ವನಿಗೆ ತೋರಿಸಬೇಕೆನಿಸಿತು. ಎರಡು ಬುಡ ಕಿತ್ತು, ಒದ್ದೆ ಟವೆಲಿನಲ್ಲಿ ಸುತ್ತಿ, ರೈಲಿನಲ್ಲಿ ಊರಿಗೆ ಒಯ್ದೆ. ಹಿತ್ತಲಿನ ಕಲ್ಲುಬಾನಿಯಲ್ಲಿ ಅದು ಚೆನ್ನಾಗಿಯೇ ಬಂತು. ಮಳೆಗೆ ಬಾನಿ ತುಂಬಿ ಹೊರಚೆಲ್ಲಿದಾಗ ಒಂದೆರಡು ಕುಡಿ ಕಾಲುವೆ ಸೇರಿರಬೇಕು. ಮೂರನೆಯ ವರ್ಷ ಊರಿನ ಕಟ್ಟೆಯಲ್ಲಿ ದನಗಳಿಗೆ ಇಳಿಯಲು ಜಾಗವಿರಲಿಲ್ಲ. ಚಿಕ್ಕಪ್ಪ ಉದ್ದನೆಯ ಕೊಕ್ಕೆ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಎಳೆದು ಗುಡ್ಡೆ ಹಾಕುತ್ತಿದ್ದರು, ಹದಿನೈದು ದಿನಕ್ಕೆ ಮತ್ತೆ ಮೊದಲಿನಂತೆ. ಇದು ತಂದವನು ನಾನು ಎಂದು ಅವರಿಗೆ ಗೊತ್ತಿತ್ತು. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಆ ಸಂಕಟ ನನಗೆ ಇಂದಿಗೂ ಹೋಗಿಲ್ಲ.

ಕಾನೂನು ಹೊಸದೇನಲ್ಲ. ದಕ್ಷಿಣ ಅಮೆರಿಕದಿಂದ ಬಂದ ಇದೇ ಗಿಡಕ್ಕಾಗಿ ಬಂಗಾಳದಲ್ಲಿ 1936ರಲ್ಲೇ ಪ್ರತ್ಯೇಕ ಕಾಯ್ದೆಯಾಗಿತ್ತು. ಪಾರ್ಥೇನಿಯಂ ನಮ್ಮ ದೇಶದಲ್ಲಿ ಹಬ್ಬಲು ಶುರುವಾದದ್ದನ್ನು ಮೊದಲು ಗುರುತಿಸಿದ್ದು ಪುಣೆಯಲ್ಲಿ, 1955ರ ಸುಮಾರಿಗೆ. ಅಮೆರಿಕದ ಗೋಧಿಯ ಜತೆ ಬಂತು ಎಂಬುದು ಬಹುಕಾಲದ ನಂಬಿಕೆ. ಇಪ್ಪತ್ತೇ ವರ್ಷಕ್ಕೆ, 1975ರಲ್ಲಿ, ಕರ್ನಾಟಕ ಸರಕಾರ ಅದನ್ನು ಅಪಾಯಕಾರಿ ಕಳೆಯೆಂದು ಘೋಷಿಸಬೇಕಾಯಿತು. ಅಷ್ಟರಲ್ಲಿ ಅದು ಹೊಲದ ಬದು, ರೈಲುಹಳಿ, ಶಾಲೆಯ ಅಂಗಳ ಎಲ್ಲವನ್ನೂ ಹಿಡಿದಾಗಿತ್ತು. ಕಳೆ ಬಂದು ಬೇರೂರಿದ ಮೇಲೆ ಆದೇಶ ಹೊರಡಿಸುವುದು ನಮ್ಮ ಹಳೆಯ ರೂಢಿ.

2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ವಿಷಯಕ್ಕೆ ಮೊದಲ ಬಾರಿಗೆ ಜಾಗ ಸಿಕ್ಕಿದೆ. ಅದರ 62ಎ ಕಲಮು, ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಆಮದು, ಮಾರಾಟ, ಇಟ್ಟುಕೊಳ್ಳುವುದು, ಹಬ್ಬಿಸುವುದು, ಇವನ್ನು ಅಧಿಸೂಚನೆ ಹೊರಡಿಸಿ ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಡುತ್ತದೆ. ಇದು ಒಳ್ಳೆಯದೇ. ಆದರೆ ಅಂಥ ಜೀವಿ ಯಾವುದು ಎಂದು ಹೇಳುವ ವ್ಯಾಖ್ಯೆಯನ್ನು ಓದಿ ನಾನು ಅಲ್ಲೇ ನಿಂತೆ. ಭಾರತಕ್ಕೆ ಸ್ಥಳೀಯವಲ್ಲದ, ಇಲ್ಲಿಗೆ ಬಂದು ಹರಡಿದರೆ ವನ್ಯಜೀವಿಗಳಿಗೋ ಅವುಗಳ ನೆಲೆಗೋ ಕೇಡಾಗಬಹುದಾದ ಪ್ರಾಣಿ ಅಥವಾ ಸಸ್ಯ ಎಂಬುದು ಅದರ ಅರ್ಥ. ಅಂದರೆ ದೇಶದೊಳಗೇ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ದ ಜೀವಿ ಎಷ್ಟೇ ಹಾನಿ ಮಾಡಲಿ, ಈ ಕಲಮಿನೊಳಗೆ ಬರುವುದಿಲ್ಲ.

ಇದು ಬರಿಯ ಮಾತಿನ ತಕರಾರಲ್ಲ. ಕಾವೇರಿಯ ಮಹಶೀರ್ ಮೀನಿಗೆ ಏನಾಯಿತು ಎಂಬುದನ್ನು ನೋಡಿ.

ನಾನು ಏಳೆಂಟು ವರ್ಷದವನಿದ್ದಾಗ ಸೋದರಮಾವ ಮುತ್ತತ್ತಿಯ ಮಡುವಿನಲ್ಲಿ ರಾಗಿಹಿಟ್ಟಿನ ಉಂಡೆ ಗಾಳಕ್ಕೆ ಸಿಕ್ಕಿಸಿ ಹಿಡಿದ ಮೀನೊಂದನ್ನು ಇಬ್ಬರು ಕಟ್ಟಿಗೆಗೆ ಕಟ್ಟಿ ಹೊತ್ತು ತಂದಿದ್ದರು. ಬೆನ್ನು ಗೂನಿನಂತೆ ಉಬ್ಬಿತ್ತು, ಬಾಲ ಮತ್ತು ರೆಕ್ಕೆ ಕೆಂಡದ ಬಣ್ಣ. ಅದರ ಒಂದು ಹುರುಪೆಯನ್ನು ಮಾವ ನನ್ನ ಕೈಯಲ್ಲಿಟ್ಟರು, ನನ್ನ ಅಂಗೈ ಪೂರ್ತಿ ಮುಚ್ಚಿತು. ಇದು ಗೂನುಬೆನ್ನಿನ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ ತೂಗಿತ್ತು.

ಇನ್ನೊಂದು ಮಹಶೀರ್ ಇದೆ, ನೀಲಿ ರೆಕ್ಕೆಯದು. ಅದು ಈ ಪುಣೆಯ ಮೀನು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್ 1839ರಲ್ಲಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು ನಾನು ದಿನಾ ನೋಡುವ ಮುಳಾ-ಮುಠಾ ನದಿಯಿಂದಲೇ. ಲೋಣಾವಳಾದ ಮೀನುಮರಿ ಕೇಂದ್ರದಲ್ಲಿ ದಶಕಗಳ ಕಾಲ ಅದನ್ನು ಸಾಕಿ, ಮರಿ ಮಾಡಿಸಿ, ದೇಶದ ಹಲವು ನದಿಗಳಿಗೆ ಬಿಟ್ಟರು. ಆ ಶ್ರಮದ ಬಗ್ಗೆ ನನಗೆ ಗೌರವವಿದೆ. ಅಳಿವಿನಂಚಿನ ಪಟ್ಟಿಯಲ್ಲಿದ್ದ ನೀಲಿ ರೆಕ್ಕೆಯ ಮಹಶೀರ್ ಈಗ ಆ ಪಟ್ಟಿಯಿಂದ ಹೊರಬಂದಿದೆ. ಆದರೆ ಅದೇ ಮರಿಗಳು ಕಾವೇರಿಗೂ ಹೋದವು. ಗಾಳದ ಬೇಟೆಗೆ ಮೀನು ಹೆಚ್ಚಲಿ, ಮಹಶೀರ್ ಉಳಿಯಲಿ ಎಂಬ ಸದುದ್ದೇಶದಿಂದಲೇ ಬಿಟ್ಟದ್ದು. ಎರಡೂ ಮಹಶೀರೇ ತಾನೆ ಎಂದುಕೊಂಡರು. ಕಾವೇರಿ ದಡದ ಗಾಲಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ತೆಗೆದು ನೋಡಿದಾಗ ಬಂದ ಮೀನುಗಳಲ್ಲಿ ನೀಲಿ ರೆಕ್ಕೆಯದೇ ತುಂಬಿತ್ತು, ಕೆಂಡದ ಬಾಲದ್ದು ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತ ಬಂದಿತ್ತು. 2018ರವರೆಗೆ ಗೂನುಬೆನ್ನಿನ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರೂ ನಿಗದಿಯಾಗಿರಲಿಲ್ಲ. ಹೆಸರು ಸಿಕ್ಕಿದ್ದೇ ಅತಿ ತೀವ್ರ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿತು. ಅಣೆಕಟ್ಟು, ಮರಳು, ಡೈನಮೈಟು, ಇವೂ ಅದನ್ನು ಹಿಂಡಿವೆ, ಇಲ್ಲವೆನ್ನುವುದಿಲ್ಲ. ಆದರೆ ಪುಣೆಯ ಮೀನು ಕಾವೇರಿಯಲ್ಲಿ ಅದರ ಜಾಗ ಹಿಡಿದದ್ದನ್ನು ಈಗಿನ ಕಾನೂನು ತಪ್ಪೆನ್ನಲಾರದು, ಯಾಕೆಂದರೆ ಅದು ಭಾರತದ್ದೇ ಮೀನು. ನಾನು ಕದ್ದುಮುಚ್ಚಿ ಒಯ್ದ ಎರಡು ಬುಡದ ಗಿಡಕ್ಕಿಂತ ಇದು ದೊಡ್ಡ ಅನಾಹುತ ಅನಿಸುತ್ತದೆ. ಕಟ್ಟೆಯ ಕಳೆಯನ್ನು ಬೆವರು ಸುರಿಸಿದರೆ ತೆಗೆಯಬಹುದು. ಹೊಳೆಗೆ ಬಿಟ್ಟ ಮೀನನ್ನು ವಾಪಸು ಹಿಡಿಯುವವರು ಯಾರು?

ಬೇರೆ ಕಡೆ ಇದನ್ನು ಯೋಚಿಸಿದ್ದಾರೆ. ದಕ್ಷಿಣ ಆಫ್ರಿಕದ 2004ರ ಜೀವವೈವಿಧ್ಯ ಕಾಯ್ದೆಯಲ್ಲಿ, ಆ ದೇಶದ್ದೇ ಜೀವಿಯಾದರೂ ಅದು ಸಹಜವಾಗಿ ಇರುವ ಪ್ರದೇಶದ ಆಚೆಗೆ ಮನುಷ್ಯರು ಒಯ್ದರೆ ಅದೂ ಅನ್ಯಜೀವಿಯೇ. 2014ರಲ್ಲಿ ಅವರು ಮಾಡಿದ ನಿಯಮಗಳ ಪ್ರಕಾರ ಜಮೀನು ಮಾರುವವನು ಅಲ್ಲಿ ಪಟ್ಟಿಯಲ್ಲಿರುವ ಕಳೆ ಇದ್ದರೆ ಕೊಳ್ಳುವವನಿಗೆ ಮೊದಲೇ ಬರೆದು ತಿಳಿಸಬೇಕು. ಎಲ್ಲ ಜೀವಿಗಳನ್ನೂ ಒಂದೇ ಕೋಲಿನಲ್ಲಿ ಹೊಡೆಯದೆ ತರಗತಿ ಮಾಡಿದ್ದಾರೆ. ಕೆಲವನ್ನು ಕಂಡಲ್ಲಿ ತೆಗೆಯಬೇಕು, ಕೆಲವನ್ನು ಪರವಾನಗಿ ಪಡೆದು ಇಟ್ಟುಕೊಳ್ಳಬಹುದು.

ಈ ತರಗತಿ ನಮಗೂ ಬಹಳ ಮುಖ್ಯ. ಉಜನಿಯ ಹಿನ್ನೀರಿನಲ್ಲಿ, ಭಿಗವಣದ ಕಡೆ, ಬಲೆಗೆ ಬೀಳುವ ಚಿಲಾಪಿ ಆಫ್ರಿಕದ ತಿಲಾಪಿಯಾ ಮೀನೇ. ಅದು 1952ರಲ್ಲಿ ದೇಶಕ್ಕೆ ಬಂತು. ಇವತ್ತು ಅಲ್ಲಿನ ಬೆಸ್ತರ ಮನೆ ನಡೆಯುವುದು ಅದರಿಂದ. ನಾಳೆ ಒಂದು ಅಧಿಸೂಚನೆ ಹೊರಡಿಸಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ ಎಂದರೆ ನದಿ ಶುದ್ಧವಾಗದು, ಬಡವರು ಪೊಲೀಸರ ಕೈಗೆ ಸಿಗುತ್ತಾರೆ ಅಷ್ಟೆ. ಇರುವ ಕೆರೆಯಲ್ಲಿ ಹಿಡಿಯಲಿ, ಮಾರಲಿ. ಇಲ್ಲದ ಕೆರೆಗೆ ಅದರ ಮರಿ ಬಿಡುವುದನ್ನು ಮಾತ್ರ ತಡೆಯಬೇಕು. ಜಪಾನಿನಲ್ಲಿ ಕೆಂಪು ಕಿವಿಯ ಆಮೆಗೆ 2023ರ ಜೂನ್‌ನಿಂದ ಇಂಥದೇ ದಾರಿ ಹಿಡಿದಿದ್ದಾರೆ. ಮನೆಯಲ್ಲಿ ಸಾಕಿದವರು ಸಾಕಿಕೊಳ್ಳಬಹುದು, ಮಾರುವಂತಿಲ್ಲ, ಕೆರೆಗೆ ಬಿಡುವಂತಿಲ್ಲ.

ಹಾಗೆಂದು ಬರಿಯ ನಿಷೇಧದ ಮೇಲೂ ನನಗೆ ಭರವಸೆಯಿಲ್ಲ. ಆಫ್ರಿಕನ್ ಮಾಗುರ್ ಎಂಬ ಮೀನಿನ ಸಾಕಣೆಯನ್ನು 2000ದಲ್ಲೇ ನಿಷೇಧಿಸಲಾಗಿದೆ, ಆಮೇಲೂ ಮಹಾರಾಷ್ಟ್ರದಲ್ಲಿ ಅಧಿಕಾರಿಗಳು ಅದರ ಹೊಂಡಗಳನ್ನು ಹುಡುಕಿ ನಾಶಪಡಿಸಬೇಕಾಯಿತು. ತಡೆಯುವುದಿದ್ದರೆ ಮರಿ ಹೊರಡುವ ಜಾಗದಲ್ಲೇ ತಡೆಯಬೇಕು. ಮೀನುಗಾರಿಕೆ ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿದೆ. ಆದ್ದರಿಂದ ಮಹಾರಾಷ್ಟ್ರ, ಕರ್ನಾಟಕ ಎರಡೂ ಸರಕಾರಗಳು ದಿಲ್ಲಿಯ ಕಡೆ ನೋಡುತ್ತ ಕೂರಬೇಕಿಲ್ಲ. ಯಾವ ಮರಿ ಕೇಂದ್ರದಿಂದ ಯಾವ ಮೀನು ಯಾವ ನೀರಿಗೆ ಹೋಯಿತು ಎಂಬುದನ್ನು ಬರೆದಿಡುವ ನಿಯಮ ತರಬಹುದು. ಪಂಚಾಯತಿಗಳಲ್ಲಿ ಜೀವವೈವಿಧ್ಯ ಸಮಿತಿಗಳಿವೆ, ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕವೂ ಇದೆ. ಕೆರೆಗೆ ಮರಿ ಬಿಡುವ ಮೊದಲು ಆ ಪುಸ್ತಕ ತೆರೆದು, ಇಲ್ಲಿ ಮೊದಲಿನಿಂದ ಇರುವ ಮೀನು ಯಾವುದು ಎಂದು ಊರಿನ ಬೆಸ್ತರನ್ನು ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು?

ಕೇಂದ್ರ ಸರಕಾರದಿಂದ ನಾನು ಕೇಳುವುದು ಕೆಲವೇ ಪದಗಳ ತಿದ್ದುಪಡಿ. ವ್ಯಾಖ್ಯೆಯಲ್ಲಿ ‘ಭಾರತಕ್ಕೆ ಸ್ಥಳೀಯವಲ್ಲದ’ ಎಂದಿರುವಲ್ಲಿ ‘ಭಾರತಕ್ಕೆ ಅಥವಾ ಆ ನದಿಕೊಳ್ಳಕ್ಕೆ, ದ್ವೀಪಕ್ಕೆ, ಪ್ರದೇಶಕ್ಕೆ ಸ್ಥಳೀಯವಲ್ಲದ’ ಎಂದು ಸೇರಿಸಲಿ. ದ್ವೀಪ ಎಂದದ್ದು ಅಂಡಮಾನಿನ ನೆನಪಿನಿಂದ. ನಮ್ಮ ಜಿಂಕೆ, ನಮ್ಮ ಗೂಳಿಕಪ್ಪೆ ಅಲ್ಲಿಗೆ ಹೋಗಿ ಅಲ್ಲಿನ ಕಾಡಿಗೂ ಸಣ್ಣ ಜೀವಿಗಳಿಗೂ ಕಂಟಕವಾಗಿವೆ.

ಪುಣೆಯಲ್ಲೂ ಮುಂಬಯಿಯಲ್ಲೂ ಇರುವ ಕನ್ನಡ ಸಂಘಗಳವರು ತಮ್ಮ ಸಂಸದರಿಗೆ ಇದನ್ನು ಬರೆದು ತಿಳಿಸಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಚಿಕ್ಕಪ್ಪ ಈಗಿಲ್ಲ. ಅವರ ಕೊಕ್ಕೆ ನಮ್ಮ ಹಳೆಯ ಮನೆಯ ಅಟ್ಟದಲ್ಲಿದೆ. ಈ ದಸರೆಗೆ ಊರಿಗೆ ಹೋದಾಗ ಅದನ್ನು ಇಳಿಸಿ ಕಟ್ಟೆಗೆ ಇಳಿಯುವವನಿದ್ದೇನೆ.

ಇತಿ ನಿಮ್ಮ ವಿಶ್ವಾಸಿ,
ಪುಣೆಯ ಓದುಗ